ಮೇಲಿನ ಕೋಣೆಗೆ ವೈಫೈ ತಲುಪುತ್ತಿಲ್ಲವೇ? ರೌಟರ್ ಬದಲಿಸುವ ಮುನ್ನ ಅದು ಕೂತಿರುವ ಜಾಗ ನೋಡಿ

ಪ್ರಶ್ನೆ: ನಮ್ಮದು ಎರಡು ಅಂತಸ್ತಿನ ಕಾಂಕ್ರೀಟ್ ಮನೆ. 100 ಎಂಬಿಪಿಎಸ್ ಫೈಬರ್ ಸಂಪರ್ಕ ಇದೆ. ರೌಟರ್ ಕೆಳಗಡೆ ಮುಂಬಾಗಿಲ ಪಕ್ಕದ ಮೂಲೆಯಲ್ಲಿ, ಟಿವಿ ಹಿಂದಿನ ಕಪಾಟಿನೊಳಗಿದೆ. ಅಲ್ಲೇ ಕೂತರೆ ನೆಟ್ ಚೆನ್ನಾಗಿ ಬರುತ್ತದೆ. ನಾನು ಕೆಲಸ ಮಾಡುವುದು ಮೇಲಿನ ಹಿಂಬದಿ ಕೋಣೆಯಲ್ಲಿ. ಅಲ್ಲಿ ಒಂದೋ ಎರಡೋ ಕಡ್ಡಿ ಸಿಗ್ನಲ್ ಇರುತ್ತದೆ, ವಿಡಿಯೊ ಕರೆಯಲ್ಲಿ ದನಿ ತುಂಡು ತುಂಡಾಗುತ್ತದೆ. ಕೆಲವೊಮ್ಮೆ ಮಹಡಿಯಲ್ಲಿ ಕಡ್ಡಿ ಸಾಕಷ್ಟಿದ್ದರೂ ಏನೂ ತೆರೆಯುವುದಿಲ್ಲ. ಒಂದು ರಿಪೀಟರ್ ತಂದು ಅದೇ ಕೋಣೆಯಲ್ಲಿ ಹಾಕಿದೆ. ಕಡ್ಡಿ ಪೂರ್ತಿ ಬಂತು, ವೇಗ ಬರಲಿಲ್ಲ. ಈಗ ದೊಡ್ಡ ರೌಟರ್ ಕೊಳ್ಳಲೇ, ಒಂದಕ್ಕೊಂದು ಹೊಂದಿಕೊಂಡ ಹಲವು ವೈಫೈ ಪೆಟ್ಟಿಗೆಗಳ ಮೆಶ್ ಹಾಕಿಸಲೇ, ಅಥವಾ ಪ್ಲಾನ್ ಹೆಚ್ಚಿಸಲೇ?

ಉತ್ತರ: ಸದ್ಯಕ್ಕೆ ಮೂರೂ ಬೇಡ. ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ: ರಿಪೀಟರ್ ಹಾಕಿದಾಗ ಕಡ್ಡಿ ಬಂತು, ವೇಗ ಬರಲಿಲ್ಲ. ಫೋನು ತೋರಿಸುವ ಕಡ್ಡಿ ಫೋನಿಗೂ ಅದರ ಹತ್ತಿರದ ಪೆಟ್ಟಿಗೆಗೂ ನಡುವಿನ ಲೆಕ್ಕ ಮಾತ್ರ. ರಿಪೀಟರ್ ಪಕ್ಕದಲ್ಲೇ ಇರುವಾಗ ಕಡ್ಡಿ ತುಂಬದೆ ಇನ್ನೇನು? ಆದರೆ ಆ ರಿಪೀಟರಿಗೆ ಕೆಳಗಿನ ರೌಟರ್ ಕೇಳಿಸಬೇಕಲ್ಲ! ಫೋನಿಗೆ ಕೇಳಿಸದ ಜಾಗದಲ್ಲಿ ಇಟ್ಟರೆ ಅದಕ್ಕೂ ಕೇಳಿಸುವುದಿಲ್ಲ. ಅರ್ಧಂಬರ್ಧ ಕೇಳಿಸಿಕೊಂಡ ಮಾತನ್ನು ಅದು ಗಟ್ಟಿ ದನಿಯಲ್ಲಿ ಮತ್ತೆ ಹೇಳುತ್ತದೆ, ಅಷ್ಟೇ. ನಿಮ್ಮ ಮನೆಯಲ್ಲಿ ಕೊರತೆ ಇರುವುದು ಉಪಕರಣದ್ದಲ್ಲ, ಉಪಕರಣ ಕೂತಿರುವ ಜಾಗದ್ದು.

ಪ್ಲಾನ್ ವಿಷಯ ಮೊದಲು ಮುಗಿಸಿಬಿಡೋಣ. ಪ್ಲಾನ್ ಹೆಚ್ಚಿಸಿದರೆ ರೌಟರಿನ ತನಕ ಬರುವ ನೀರು ಹೆಚ್ಚಾಗುತ್ತದೆ. ರೌಟರಿನಿಂದ ಮೇಲಿನ ಕೋಣೆಗೆ ಹೋಗುವ ಕೊಳವೆ ಕಿರಿದಾಗಿದ್ದರೆ ಅದು ಹಾಗೇ ಇರುತ್ತದೆ. ಒಂದು ವಿಡಿಯೊ ಕರೆಗೆ ಒಳ್ಳೆಯ ಗುಣಮಟ್ಟದಲ್ಲೂ ಸುಮಾರು 4 ಎಂಬಿಪಿಎಸ್ ಸಾಕು. ನಿಮಗೆ ಬರುತ್ತಿರುವುದು ಅದರ ಇಪ್ಪತ್ತೈದು ಪಟ್ಟು. ಆದರೂ ಇದನ್ನು ಊಹೆಗೆ ಬಿಡಬೇಡಿ. ಒಂದು ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಲ್ಲಿ ನೇರ ರೌಟರಿಗೆ ಸಿಕ್ಕಿಸಿ ಸ್ಪೀಡ್ ಟೆಸ್ಟ್ ಮಾಡಿ. 90ರ ಮೇಲೆ ಬಂದರೆ ಹೊರಗಿನ ಸಂಪರ್ಕ ಸರಿಯಾಗಿದೆ. ಅಲ್ಲೇ 20 ಬಂದರೆ ಮುಂದೆ ನಾನು ಹೇಳುವುದೆಲ್ಲ ನಿಮಗೆ ಈಗ ಬೇಡ. ಸಂಪರ್ಕ ಕೊಟ್ಟವರಿಗೆ ಫೋನ್ ಮಾಡಿ.

ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆ ಇನ್ನೊಂದಿದೆ, ನಾನು ಹೆಚ್ಚು ನೆಚ್ಚುವುದು ಇದನ್ನೇ. ಮೇಲಿನ ಕೋಣೆಯಲ್ಲಿ ಕೂತು ರೌಟರಿಗೇ ಪಿಂಗ್ ಮಾಡಿ, ಅಂದರೆ ಅದಕ್ಕೊಂದು ಪುಟ್ಟ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ನೋಡಿ. ಅದರ ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1, ಪೆಟ್ಟಿಗೆಯ ಅಡಿಯ ಚೀಟಿಯಲ್ಲಿ ಬರೆದಿರುತ್ತದೆ. ಹೋಗಿಬರಲು ಕೆಲವೇ ಮಿಲಿಸೆಕೆಂಡು ಹಿಡಿಯಬೇಕು. ಒಮ್ಮೆ 3, ಒಮ್ಮೆ 240, ಒಮ್ಮೆ ಉತ್ತರವೇ ಇಲ್ಲ ಎಂದಾದರೆ ದೋಷ ಮನೆಯೊಳಗಿನ ಗಾಳಿಯಲ್ಲಿದೆ. ರೌಟರಿಗೆ ಸಮನಾಗಿ ಹೋಗಿಬರುತ್ತಾ, ಹೊರಗಿನ ಇಂಟರ್ನೆಟ್ಟಿನಲ್ಲಿರುವ ಗೂಗಲ್‌ನ ವಿಳಾಸ 8.8.8.8ಕ್ಕೆ ಮಾಡಿದಾಗ ಮಾತ್ರ ಏರುಪೇರಾದರೆ ದೋಷ ಮನೆಯ ಹೊರಗಿದೆ. ಕರೆಯಲ್ಲಿ ದನಿ ತುಂಡಾಗುವುದಕ್ಕೆ ಕಾರಣ ಹೆಚ್ಚಿನ ಸಲ ವೇಗದ ಕೊರತೆಯಲ್ಲ, ಈ ಏರುಪೇರು. ಸ್ಪೀಡ್ ಟೆಸ್ಟ್ ಸರಾಸರಿ ಹೇಳುತ್ತದೆ, ಏರುಪೇರನ್ನು ಮುಚ್ಚಿಡುತ್ತದೆ.

ಇನ್ನು ಸಿಗ್ನಲ್ ಅಳೆಯುವ ಕೆಲಸ. ಕಡ್ಡಿಗಳನ್ನು ಮರೆತುಬಿಡಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದಕ್ಕೆ ಎಲ್ಲ ಫೋನಿಗೂ ಸಮನಾದ ನಿಯಮವಿಲ್ಲ. ನಮಗೆ ಬೇಕಿರುವುದು ಡಿಬಿಎಂ ಎನ್ನುವ ಅಂಕಿ. ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಅನಲೈಸರ್ ತರಹದ ಯಾವುದಾದರೂ ಆ್ಯಪ್ ತೋರಿಸುತ್ತದೆ. ಮ್ಯಾಕ್‌ನಲ್ಲಿ ಆಪ್ಷನ್ ಕೀ ಒತ್ತಿ ಹಿಡಿದು ವೈಫೈ ಗುರುತಿನ ಮೇಲೆ ಕ್ಲಿಕ್ ಮಾಡಿದರೆ ಸಿಗುತ್ತದೆ. ಐಫೋನಿನಲ್ಲಿ ಆ್ಯಪಲ್‌ನವರದೇ ಏರ್‌ಪೋರ್ಟ್ ಯುಟಿಲಿಟಿ ಆ್ಯಪ್ ಹಾಕಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅದರ ವೈಫೈ ಸ್ಕ್ಯಾನರ್ ಆನ್ ಮಾಡಿಕೊಳ್ಳಬೇಕು. ಬಹಳಷ್ಟು ರೌಟರುಗಳ ಅಡ್ಮಿನ್ ಪುಟದಲ್ಲೂ ಸೇರಿಕೊಂಡಿರುವ ಪ್ರತಿ ಸಾಧನದ ಅಂಕಿ ಕಾಣುತ್ತದೆ.

ಈ ಅಂಕಿ ಯಾವಾಗಲೂ ಮೈನಸ್‌ನಲ್ಲಿರುತ್ತದೆ. ಸೊನ್ನೆ ಡಿಬಿಎಂ ಎಂದರೆ ಒಂದು ಮಿಲಿವ್ಯಾಟ್. ಅಲ್ಲಿಂದ ಪ್ರತಿ 10 ಕೆಳಗಿಳಿದಂತೆ ಶಕ್ತಿ ಹತ್ತರಲ್ಲೊಂದು ಪಾಲಾಗುತ್ತದೆ, ಪ್ರತಿ 3ಕ್ಕೆ ಅರ್ಧವಾಗುತ್ತದೆ. ಹಾಗಾಗಿ ಮೈನಸ್ 50ಕ್ಕೂ ಮೈನಸ್ 70ಕ್ಕೂ ಇರುವುದು ಇಪ್ಪತ್ತರ ಅಂತರವಲ್ಲ, ನೂರು ಪಟ್ಟಿನ ಅಂತರ. ಮೈನಸ್ 50ರ ಆಸುಪಾಸು ಬಹಳ ಚೆನ್ನ. ಮೈನಸ್ 67ರ ತನಕ ಕರೆಗಳು ನಿರಾಳವಾಗಿ ನಡೆಯುತ್ತವೆ. ಮೈನಸ್ 75 ದಾಟಿದರೆ ಕಿರಿಕಿರಿ ಶುರು. ಮೈನಸ್ 80ರ ಆಚೆ ಸಂಪರ್ಕ ಇದೆ ಎಂದು ಹೆಸರಿಗೆ ಹೇಳಬಹುದು. ಮೈನಸ್ 60 ಎಂದರೆ ಒಂದು ಮಿಲಿವ್ಯಾಟಿನ ಹತ್ತು ಲಕ್ಷದಲ್ಲೊಂದು ಪಾಲು. ಅಷ್ಟರಲ್ಲೇ ಸಿನಿಮಾ ನೋಡುತ್ತೇವೆ ಎನ್ನುವುದು ಇಷ್ಟು ವರ್ಷ ಇದೇ ಕೆಲಸ ಮಾಡಿದ ಮೇಲೂ ನನಗೆ ಅಚ್ಚರಿಯೇ.

ಒಂದು ಹಾಳೆಯಲ್ಲಿ ಮನೆಯ ನಕ್ಷೆ ಗೀಚಿಕೊಳ್ಳಿ, ಅಳತೆ ಕರಾರುವಾಕ್ಕಾಗಿ ಇರಬೇಕಿಲ್ಲ. ರೌಟರಿನಿಂದ ಹೊರಟು ಹಜಾರ, ಮೆಟ್ಟಿಲ ಬುಡ, ಮೆಟ್ಟಿಲು ತಿರುಗುವ ಜಾಗ, ಮಹಡಿಯ ಪಡಸಾಲೆ, ನಿಮ್ಮ ಕೋಣೆಯ ಬಾಗಿಲು, ನಿಮ್ಮ ಮೇಜು, ಹೀಗೆ ಎಂಟು ಹತ್ತು ಕಡೆ ನಿಂತು ಅಂಕಿ ಬರೆಯಿರಿ. ಫೋನನ್ನು ಎಲ್ಲ ಕಡೆಯೂ ಒಂದೇ ರೀತಿ ಹಿಡಿಯಿರಿ. ಅಂಗೈ ಆಂಟೆನಾವನ್ನು ಮುಚ್ಚಿದರೆ ಅಂಕಿ ಇಳಿಯುತ್ತದೆ, ನಮ್ಮ ದೇಹವೂ ಬಹುಪಾಲು ನೀರು, ಅದು ಅಲೆಯನ್ನು ಹೀರುತ್ತದೆ. ಅರ್ಧ ನಿಮಿಷ ಕಾದು ನೋಡಿ, ಅಂಕಿ ಕುಣಿಯುತ್ತಿದ್ದರೆ ನಡುವಿನದನ್ನು ಬರೆದುಕೊಳ್ಳಿ. ಆಮೇಲೆ ಹಾಳೆಯನ್ನೇ ನೋಡಿ: ಅಂಕಿ ನಿಧಾನವಾಗಿ ಇಳಿದಿದೆಯೋ, ಎಲ್ಲೋ ಒಂದು ಕಡೆ ದೊಪ್ಪನೆ ಬಿದ್ದಿದೆಯೋ? ನಿಧಾನವಾಗಿ ಇಳಿದಿದ್ದರೆ ಅದು ದೂರದ ಕೆಲಸ. ದೊಪ್ಪನೆ ಬಿದ್ದಿದ್ದರೆ ನಡುವೆ ಏನೋ ಅಡ್ಡ ನಿಂತಿದೆ.

ದೂರ ನಾವು ಅಂದುಕೊಂಡಷ್ಟು ದೊಡ್ಡ ಶತ್ರುವಲ್ಲ. ಬಯಲಲ್ಲಿ ದೂರ ಎರಡು ಪಟ್ಟಾದಾಗ ಸಿಗ್ನಲ್ 6 ಡೆಸಿಬೆಲ್, ಅಂದರೆ ಡಿಬಿಎಂ ಅಂಕಿಯಲ್ಲಿ 6, ಇಳಿಯುತ್ತದೆ. ಎರಡು ಮೀಟರಿನಿಂದ ಹದಿನಾರು ಮೀಟರಿಗೆ ಹೋದರೂ ಕಳೆದುಕೊಳ್ಳುವುದು 18. ಆದರೆ ಒಳಗೆ ಕಬ್ಬಿಣದ ಸರಳು ಹೆಣೆದ ಒಂದು ಕಾಂಕ್ರೀಟ್ ಚಪ್ಪಡಿ ಒಂದೇ ಅಷ್ಟನ್ನು ನುಂಗಬಲ್ಲದು. ಮರದ ಬಾಗಿಲು, ತೆಳುವಾದ ಹಲಗೆಯ ಗೋಡೆ ಮೂರು ನಾಲ್ಕು ಡೆಸಿಬೆಲ್ ತಿಂದರೆ ಹೆಚ್ಚು. ಇಟ್ಟಿಗೆ ಗೋಡೆ ಅದರ ಎರಡು ಮೂರು ಪಟ್ಟು. ಗೋಡೆ ಎಷ್ಟು ದಪ್ಪ ಎನ್ನುವುದರ ಜತೆಗೆ ಅಲೆ ಅದನ್ನು ಯಾವ ಕೋನದಲ್ಲಿ ದಾಟುತ್ತದೆ ಎನ್ನುವುದೂ ಮುಖ್ಯ. 20 ಸೆಂಟಿಮೀಟರ್ ಗೋಡೆಯನ್ನು ಬಹಳ ಓರೆಯಾಗಿ ದಾಟಿದರೆ ಅಲೆಯ ಪಾಲಿಗೆ ಅದು 40 ಸೆಂಟಿಮೀಟರ್ ಗೋಡೆ. ಕೆಳಗಿನ ಮುಂದಿನ ಮೂಲೆಯಿಂದ ಮೇಲಿನ ಹಿಂದಿನ ಕೋಣೆಗೆ ನಿಮ್ಮ ಸಿಗ್ನಲ್ ಹೋಗುತ್ತಿರುವುದು ಹೀಗೇ, ಎಲ್ಲವನ್ನೂ ಓರೆಯಾಗಿ ಸೀಳಿಕೊಂಡು.

ಗೋಡೆಗಿಂತ ಹೆಚ್ಚು ಕಾಡುವುದು ಯಾರೂ ಅನುಮಾನಿಸದ ವಸ್ತುಗಳು: ಫ್ರಿಜ್ಜು, ಉಕ್ಕಿನ ಬೀರು, ನೀರು ತುಂಬಿದ ಟ್ಯಾಂಕು, ಮೀನಿನ ತೊಟ್ಟಿ. ಎಲ್ಲಕ್ಕಿಂತ ಮೋಸದ್ದು ಕನ್ನಡಿ. ಅದರ ಬೆನ್ನಿಗೆ ಲೋಹದ ತೆಳು ಲೇಪನ ಇರುತ್ತದೆ, ಅಲೆಗೆ ಅದು ತಗಡಿನ ಗೋಡೆಯೇ. ನಾನು ನೋಡಿದ ಒಂದು ಮನೆಯಲ್ಲಿ ಪಕ್ಕಪಕ್ಕದ ಎರಡು ಕೋಣೆಗಳ ಪೈಕಿ ಒಂದಕ್ಕೆ ಮಾತ್ರ ಸಿಗ್ನಲ್ ಇರಲಿಲ್ಲ. ಎರಡಕ್ಕೂ ಒಂದೇ ಗೋಡೆ, ಒಂದೇ ದೂರ. ಎರಡು ರೌಟರ್ ಬದಲಾಯಿಸಿದ ಮೇಲೆ ನನ್ನನ್ನು ಕರೆದರು. ಸಿಗ್ನಲ್ ಇಲ್ಲದ ಕೋಣೆಯ ಗೋಡೆಗೆ ಆನಿಸಿ ನೆಲದಿಂದ ಸೂರಿನ ತನಕ ಕನ್ನಡಿ ಬಾಗಿಲಿನ ವಾರ್ಡ್‌ರೋಬ್ ನಿಂತಿತ್ತು. ರೌಟರನ್ನು ಎರಡು ಮೊಳ ಪಕ್ಕಕ್ಕೆ ಸರಿಸಿದೆವು. ಅಲೆಯ ದಾರಿ ಕನ್ನಡಿ ಬಿಟ್ಟು ಬಾಗಿಲಿನತ್ತ ಬಂತು, ಕೆಲಸ ಮುಗಿಯಿತು. ಕೊಂಡ ಎರಡು ರೌಟರಿಗೂ ಒಂದು ದೋಷವೂ ಇರಲಿಲ್ಲ.

ಈಗ ನಿಮ್ಮ ರೌಟರ್ ಇರುವ ಜಾಗಕ್ಕೆ ಬರೋಣ. ಆ ಮೂಲೆಯನ್ನು ಆರಿಸಿದ್ದು ಯಾರು? ಬಹುಶಃ ನೀವಲ್ಲ. ಹೊರಗಿನಿಂದ ಕೇಬಲ್ ಒಳಗೆ ಬರಲು ಯಾವ ದಾರಿ ಹತ್ತಿರವೋ ಅಲ್ಲಿ ತೂತು ಕೊರೆದು, ಅದರ ಪಕ್ಕದಲ್ಲೇ ಪೆಟ್ಟಿಗೆ ಇಡುವುದು ರೂಢಿ. ಕೇಬಲ್ ಎಳೆಯುವವರಿಗೆ ಅದು ಸರಿ, ಮನೆಗಲ್ಲ. ರೌಟರ್ ತನ್ನ ಸುತ್ತ ಎಲ್ಲ ಕಡೆಗೂ ಅಲೆ ಬಿಡುತ್ತದೆ. ಮನೆಯ ಮೂಲೆಯಲ್ಲಿಟ್ಟರೆ ಆ ಸುತ್ತಿನ ಕಾಲುಭಾಗ ಮಾತ್ರ ಮನೆಯೊಳಗೆ, ಮುಕ್ಕಾಲು ಹೊರಗಿನ ಗೋಡೆಗಳ ಕಡೆಗೆ. ಅದರ ಮೇಲೆ ನಿಮ್ಮದು ಟಿವಿಯ ಬೆನ್ನಿಗಿದೆ, ಟಿವಿಯೊಳಗಿನ ಲೋಹದ ಹಲಗೆ ಒಂದು ದೊಡ್ಡ ಗುರಾಣಿಯ ಹಾಗೆ. ಕಪಾಟಿನ ಬಾಗಿಲು ಬೇರೆ ಮುಚ್ಚಿದೆ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಬೇಕಾದವರನ್ನು ಮೂಲೆಗೆ ಕೂರಿಸಿ ಬಾಯಿಗೆ ಬಟ್ಟೆ ಕಟ್ಟಿದಂತಾಗಿದೆ.

ಇಂದೇ ಅದನ್ನು ಕಪಾಟಿನಿಂದ ಹೊರಗೆ ತೆಗೆಯಿರಿ. ನೆಲದಿಂದ ಒಂದೂವರೆ ಎರಡು ಮೀಟರ್ ಎತ್ತರದಲ್ಲಿ, ಸುತ್ತ ಏನೂ ಇಲ್ಲದ ಕಡೆ ಇಡಿ. ಸಾಧ್ಯವಾದರೆ ಮೆಟ್ಟಿಲ ಹತ್ತಿರಕ್ಕೆ ತನ್ನಿ. ಕಾಂಕ್ರೀಟ್ ಮನೆಯಲ್ಲಿ ಮೇಲಕ್ಕೂ ಕೆಳಕ್ಕೂ ನಡುವೆ ಚಪ್ಪಡಿ ಇಲ್ಲದ ಒಂದೇ ಜಾಗ ಅದು. ಅಲೆಗೆ ಆ ತೆರಪು ಕಿಟಕಿ ಇದ್ದಂತೆ, ಅಲ್ಲಿಂದ ಮಹಡಿಗೆ ಏರಿ, ಪಡಸಾಲೆಯ ಗೋಡೆಗಳಿಗೆ ಬಡಿದು ಹರಡಿಕೊಳ್ಳುತ್ತದೆ. ಮನೆಯ ನಟ್ಟನಡುವೆ ಇಡಿ ಎಂದು ಎಲ್ಲರೂ ಹೇಳುತ್ತಾರೆ. ಎರಡು ಅಂತಸ್ತಿನ ಕಾಂಕ್ರೀಟ್ ಮನೆಯಾದರೆ ನಾನು ನಟ್ಟನಡುವಿಗಿಂತ ಮೆಟ್ಟಿಲನ್ನೇ ಮೊದಲು ಪರೀಕ್ಷಿಸುತ್ತೇನೆ.

ಫೈಬರ್ ಎಳೆ ಅಷ್ಟು ಉದ್ದ ಇಲ್ಲವಲ್ಲ ಎನ್ನುತ್ತೀರಿ. ಅದನ್ನು ಎಳೆಯಲು ಹೋಗಬೇಡಿ. ಒಳಗಿರುವುದು ಗಾಜಿನ ನಾರು, ಚೂಪಾಗಿ ಬಗ್ಗಿಸಿದರೆ ಬೆಳಕು ಸೋರುತ್ತದೆ, ಹೆಚ್ಚು ಬಗ್ಗಿಸಿದರೆ ಮುರಿಯುತ್ತದೆ. ಫೈಬರ್ ಪೆಟ್ಟಿಗೆ ಬೇರೆ, ರೌಟರ್ ಬೇರೆ ಇದ್ದರೆ ಪೆಟ್ಟಿಗೆ ಅಲ್ಲೇ ಇರಲಿ, ನಡುವಿನ ಲ್ಯಾನ್ ಕೇಬಲ್ ಉದ್ದ ಮಾಡಿ ರೌಟರನ್ನು ಮಾತ್ರ ಸರಿಸಿ. ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಅದನ್ನು ಕಪಾಟಿನಿಂದ ಹೊರಗೆ ತೆಗೆದು ಎತ್ತರದಲ್ಲಿಡುವುದಷ್ಟೇ ನಿಮ್ಮ ಕೈಲಿರುವುದು. ಮಿಕ್ಕಿದ್ದಕ್ಕೆ ದಾರಿ ಮುಂದೆ ಹೇಳುತ್ತೇನೆ.

ಆಂಟೆನಾ ಕಡ್ಡಿಗಳಿದ್ದರೆ ಅವುಗಳ ತುದಿ ಕೋಣೆಯ ಕಡೆಗೆ ಇರಬೇಕು ಎಂದು ತುಂಬಾ ಜನ ತಿಳಿದಿದ್ದಾರೆ. ಅದು ತಿರುಗುಮುರುಗು. ಅಲೆ ಕಡ್ಡಿಯ ತುದಿಯಿಂದ ಹೊರಡುವುದಿಲ್ಲ, ಬದಿಯಿಂದ ಹೊರಡುತ್ತದೆ. ಗಾಳಿ ತುಂಬಿದ ಟ್ಯೂಬಿನ ನಡುವೆ ಕೋಲು ನಿಲ್ಲಿಸಿದ ಚಿತ್ರ ಕಲ್ಪಿಸಿಕೊಳ್ಳಿ. ಕೋಲು ಆಂಟೆನಾ, ಟ್ಯೂಬು ಅದರ ಅಲೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವಂತೆ ಆಂಟೆನಾದ ನೆತ್ತಿಯ ನೇರಕ್ಕೂ ಬುಡದ ನೇರಕ್ಕೂ ಸಿಗ್ನಲ್ ಕಡಿಮೆ. ಆದ್ದರಿಂದ ಕಡ್ಡಿ ನೆಟ್ಟಗಿದ್ದರೆ ಅದೇ ಅಂತಸ್ತಿಗೆ ಒಳ್ಳೆಯದು, ಮಲಗಿಸಿದರೆ ಮೇಲಿನ ಅಂತಸ್ತಿಗೆ. ಎರಡು ಮೂರು ಕಡ್ಡಿ ಇದ್ದರೆ ಒಂದನ್ನು ನೆಟ್ಟಗೆ, ಒಂದನ್ನು ಅಡ್ಡಕ್ಕೆ ಇಟ್ಟು ಮೇಲೆ ಹೋಗಿ ಅಳೆಯಿರಿ. ಕಡ್ಡಿ ಕಾಣದ ರೌಟರಾದರೆ ತಯಾರಕರು ಹೇಗೆ ನಿಲ್ಲಿಸಲು ಹೇಳಿದ್ದಾರೋ ಹಾಗೇ ಇಡಿ.

ಅಳೆಯುವಾಗ ಒಂದು ವಿಚಿತ್ರ ನಿಮಗೆ ಎದುರಾಗುತ್ತದೆ. ಮೇಜಿನ ಈ ತುದಿಯಲ್ಲಿ ಮೈನಸ್ 78, ಒಂದು ಗೇಣು ಸರಿಸಿದರೆ ಮೈನಸ್ 70. ಫೋನ್ ಕೆಟ್ಟಿಲ್ಲ. ನೇರ ಬಂದ ಅಲೆಯೂ ಗೋಡೆಗೆ ಬಡಿದು ಬಂದ ಅಲೆಯೂ ಒಂದೇ ಜಾಗಕ್ಕೆ ಬೇರೆ ಬೇರೆ ಹೊತ್ತಿಗೆ ತಲುಪುತ್ತವೆ. ಕೆಲವು ಕಡೆ ಎರಡೂ ಕೂಡಿ ಬಲವಾಗುತ್ತವೆ, ಕೆಲವು ಕಡೆ ಒಂದನ್ನೊಂದು ಅಳಿಸುತ್ತವೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಹಾಗಾಗಿ ಅದರ ಅರ್ಧದಷ್ಟು, ಆರು ಸೆಂಟಿಮೀಟರ್ ಸರಿಸಿದರೂ ಪರಿಸ್ಥಿತಿ ಬದಲಾಗಬಹುದು. ವೈಫೈ ಬೆಳೆದು ಬರುವಾಗ ಎದುರಿಸಿದ ದೊಡ್ಡ ಕಷ್ಟಗಳಲ್ಲಿ ಇದೊಂದು. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯಲ್ಲಿ ಜಾನ್ ಒ'ಸಲಿವನ್ ಮತ್ತು ಸಂಗಡಿಗರು ಈ ಪ್ರತಿಧ್ವನಿಗಳ ಗೋಜಲಿನಿಂದ ಮಾತನ್ನು ಬಿಡಿಸಿಕೊಳ್ಳುವ ಒಂದು ಮುಖ್ಯ ದಾರಿ ಕಂಡುಕೊಂಡರು. 1996ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಒ'ಸಲಿವನ್ ರೇಡಿಯೊ ಖಗೋಳಶಾಸ್ತ್ರದ ಹಿನ್ನೆಲೆಯವರು, ಆಕಾಶದಿಂದ ಬರುವ ಕ್ಷೀಣ ಸಂಕೇತಗಳನ್ನು ಹೆಕ್ಕುವುದರಲ್ಲಿ ಪಳಗಿದವರು. ನಿಮ್ಮ ಮೇಜಿನ ಮಟ್ಟಿಗೆ ಇದರ ಅರ್ಥ ಇಷ್ಟು: ರೌಟರನ್ನಾಗಲಿ ಲ್ಯಾಪ್‌ಟಾಪನ್ನಾಗಲಿ ಒಂದೇ ಜಾಗದಲ್ಲಿಟ್ಟು ತೀರ್ಪು ಕೊಡಬೇಡಿ, ಒಂದು ಗೇಣು ಆಚೀಚೆ ಸರಿಸಿ ನೋಡಿ.

ಕಡ್ಡಿ ಇದ್ದೂ ಏನೂ ತೆರೆಯದ ಆ ಕಾಯಿಲೆಗೆ ಮುಖ್ಯವಾಗಿ ಎರಡು ಕಾರಣ. ಮೊದಲನೆಯದು, ಮಾತು ಎರಡೂ ಕಡೆಯಿಂದ ನಡೆಯಬೇಕು. ರೌಟರ್ ಗೋಡೆಯ ಕರೆಂಟಿನಲ್ಲಿ ಓಡುತ್ತದೆ, ಫೋನಿಗೆ ಇರುವುದು ಪುಟ್ಟ ಬ್ಯಾಟರಿ. ರೌಟರ್ ಕೂಗುತ್ತದೆ, ಫೋನು ಪಿಸುಗುಟ್ಟುತ್ತದೆ. ಕೂಗು ಫೋನಿಗೆ ಕೇಳುತ್ತದೆ, ಕಡ್ಡಿ ತೋರಿಸುತ್ತದೆ. ಪಿಸುಮಾತು ರೌಟರಿಗೆ ಮುಟ್ಟುವುದಿಲ್ಲ, ಪುಟ ತೆರೆಯುವುದಿಲ್ಲ. ಹೆಚ್ಚು ಪವರ್ ಎಂದು ಹೊಗಳಿ ಮಾರುವ ದೊಡ್ಡ ರೌಟರ್ ಕೊಂಡರೆ ಕೂಗು ಇನ್ನಷ್ಟು ಜೋರಾಗಬಹುದು, ನಿಮ್ಮ ಫೋನಿನ ದನಿ ಹಾಗೇ ಉಳಿಯುತ್ತದೆ. ಅದೂ ಅಲ್ಲದೆ, ರೌಟರ್ ಎಷ್ಟು ಪವರಿನಲ್ಲಿ ಪ್ರಸಾರ ಮಾಡಬಹುದು ಎನ್ನುವುದಕ್ಕೆ ದೇಶದೇಶದಲ್ಲೂ ಕಾನೂನಿನ ಮಿತಿ ಇದೆ. ಪೆಟ್ಟಿಗೆ ದೊಡ್ಡದಾದ ಮಾತ್ರಕ್ಕೆ ಆ ಮಿತಿ ದೊಡ್ಡದಾಗುವುದಿಲ್ಲ.

ಎರಡನೆಯದು ಬ್ಯಾಂಡ್, ಅಂದರೆ ಅಲೆ ಓಡುವ ರೇಡಿಯೊ ಪಟ್ಟಿ, ಮತ್ತು ಅದರಲ್ಲಿನ ಜನಸಂದಣಿ. ನಿಮ್ಮ ರೌಟರಿನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇರಬೇಕು. 5ರಲ್ಲಿ ವೇಗ ಜಾಸ್ತಿ, ಆದರೆ ಗೋಡೆಯ ಮುಂದೆ ಬೇಗ ಸೋಲುತ್ತದೆ. 2.4 ನಿಧಾನ, ಆದರೆ ಚಪ್ಪಡಿಯನ್ನು ಅಷ್ಟೋ ಇಷ್ಟೋ ದಾಟುತ್ತದೆ. ಎರಡಕ್ಕೂ ಒಂದೇ ಹೆಸರಿದ್ದರೆ ಫೋನು ಯಾವುದನ್ನು ಹಿಡಿದಿದೆ ಎಂದು ನಿಮಗೆ ತಿಳಿಯುವುದಿಲ್ಲ. ಕೆಳಗೆ 5ಕ್ಕೆ ಅಂಟಿಕೊಂಡ ಫೋನು ಮಹಡಿಗೆ ಬಂದರೂ ಅದನ್ನೇ ಕಚ್ಚಿಕೊಂಡಿರುವುದುಂಟು. ಪರೀಕ್ಷೆಯ ನಾಲ್ಕು ದಿನದ ಮಟ್ಟಿಗೆ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ, ಮೇಲೆ ಒಂದೊಂದಕ್ಕೂ ಸೇರಿ ಪಿಂಗ್ ಮಾಡಿ. ಉತ್ತರ ತಾನಾಗಿ ಸಿಗುತ್ತದೆ.

2.4ರಲ್ಲಿ ಅಕ್ಕಪಕ್ಕದ ಮನೆಗಳ ವೈಫೈ ಜತೆ ಗಾಳಿ ಹಂಚಿಕೊಳ್ಳಬೇಕು. ಈ ಬ್ಯಾಂಡನ್ನು ಚಾನೆಲ್ ಎನ್ನುವ ಹೋಳುಗಳಾಗಿ ಹಂಚಿದ್ದಾರೆ, ಅವುಗಳಲ್ಲಿ 1, 6, 11 ಮಾತ್ರ ಒಂದರ ಮೇಲೊಂದು ಬೀಳದಂತೆ ಇರುತ್ತವೆ. ಇವು ಮೂರೂ ತುಂಬಿವೆ ಎಂದು 3 ಅಥವಾ 8ಕ್ಕೆ ಹೋಗಬೇಡಿ. ಒಂದೇ ಚಾನೆಲ್‌ನಲ್ಲಿರುವ ರೌಟರುಗಳು ಒಂದರ ಮಾತು ಇನ್ನೊಂದು ಕೇಳಿಸಿಕೊಂಡು ಸರದಿ ಕಾಯುತ್ತವೆ. ಅರ್ಧ ಮೇಲೆ ಬಿದ್ದ ಚಾನೆಲ್‌ಗಳು ಪರಸ್ಪರ ಬರಿಯ ಗದ್ದಲ. ಚಾನೆಲ್ ಅಗಲ 20 ಮೆಗಾಹರ್ಟ್ಸ್‌ಗೆ ಇರಿಸಿ, 40 ಬೇಡ. ಮೈಕ್ರೋವೇವ್ ಒಲೆ ಇರುವುದು ಸರಿಯಾಗಿ ಇದೇ ಬ್ಯಾಂಡಿನಲ್ಲಿ, 2.45 ಗಿಗಾಹರ್ಟ್ಸ್‌ನಲ್ಲಿ, ಅದು ಓಡುವಾಗ ಮಾತ್ರ ಕರೆ ಕೆಡುತ್ತಿದ್ದರೆ ಬೇರೆ ಪುರಾವೆ ಬೇಕಿಲ್ಲ. ರೌಟರಿಗೆ ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದರೆ ಒಮ್ಮೆ ತೆಗೆದು ನೋಡಿ, ಅದರ ಕೇಬಲ್‌ನಿಂದಲೂ ಈ ಬ್ಯಾಂಡಿಗೆ ಗದ್ದಲ ಸೋರುತ್ತದೆ. 5ರಲ್ಲಿ ಜಾಗ ಧಾರಾಳ. ಆದರೆ 52ರಿಂದ 144ರ ವರೆಗಿನ ಚಾನೆಲ್‌ಗಳನ್ನು ರಾಡಾರ್ ಜತೆ ಹಂಚಿಕೊಳ್ಳಬೇಕಿರುವುದರಿಂದ, ರಾಡಾರ್ ಕೇಳಿಸಿದರೆ ರೌಟರ್ ಆ ಚಾನೆಲ್ ಬಿಟ್ಟು ಓಡಬೇಕು. ಕಾರಣವಿಲ್ಲದೆ 5 ಗಿಗಾಹರ್ಟ್ಸ್ ಆಗಾಗ ಮಾಯವಾಗುತ್ತಿದ್ದರೆ 36ರಿಂದ 48ರೊಳಗಿನ ಚಾನೆಲ್‌ಗೆ ಬನ್ನಿ.

ಇಷ್ಟು ಮಾಡಿದ ಮೇಲೂ ಮೇಜಿನ ಮೇಲೆ ಮೈನಸ್ 67 ತಲುಪದಿದ್ದರೆ ಆಗ ಉಪಕರಣದ ಮಾತು. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ತಂತಿಯಿಲ್ಲದ ನೆಟ್‌ಗೆ ತಂತಿಯೇ ಮದ್ದು. ಕೆಳಗಿನಿಂದ ಮೇಲಿನ ಪಡಸಾಲೆಗೆ ಒಂದೇ ಒಂದು ಲ್ಯಾನ್ ಕೇಬಲ್ ಎಳೆದು, ಅದರ ತುದಿಯಲ್ಲಿ ತಂತಿಯಲ್ಲಿ ಬಂದ ನೆಟ್ಟನ್ನು ವೈಫೈಯಾಗಿ ಹರಡುವ ಪೆಟ್ಟಿಗೆ, ಅಂದರೆ ಒಂದು ಆಕ್ಸೆಸ್ ಪಾಯಿಂಟ್, ಇಟ್ಟರೆ ಚಪ್ಪಡಿಯ ಜತೆಗಿನ ಜಗಳವೇ ಮುಗಿಯಿತು. ಅಲೆ ಚಪ್ಪಡಿ ದಾಟಬೇಕಿಲ್ಲ, ಮೇಲಿನವರಿಗೆ ಮೇಲೆಯೇ ಹುಟ್ಟುತ್ತದೆ. ಕ್ಯಾಟ್ 5ಇ ಕೇಬಲ್ 100 ಮೀಟರ್ ದೂರದ ತನಕ ಸೆಕೆಂಡಿಗೆ ಒಂದು ಗಿಗಾಬಿಟ್ ಸಾಗಿಸುತ್ತದೆ. ಮನೆಗೆ ಅದು ಬೇಕಾದಷ್ಟಾಯಿತು, ಹೊಸದಾಗಿ ಕೊಳ್ಳುವುದಾದರೆ ಕ್ಯಾಟ್ 6 ತೆಗೆದುಕೊಳ್ಳಿ.

ಕೇಬಲ್ ಬಗ್ಗೆ ಎರಡು ಎಚ್ಚರ. ಒಳಗಿನ ಎಂಟೂ ಎಳೆ ಶುದ್ಧ ತಾಮ್ರದ್ದಾಗಿರಲಿ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ಕೇಬಲ್ ಹೊರಗಿನಿಂದ ಹಾಗೇ ಕಾಣುತ್ತದೆ, ಬಗ್ಗಿಸಿದರೆ ಬೇಗ ಮುರಿಯುತ್ತದೆ. ತುದಿಯ ಪ್ಲಗ್ಗಿಗೆ ಎಂಟರ ಬದಲು ನಾಲ್ಕೇ ಎಳೆ ಸೇರಿಸಿದ್ದರೆ ವೇಗ 100ರಲ್ಲಿ ನಿಲ್ಲುತ್ತದೆ. ಇನ್ನು, ಕರೆಂಟಿನ ವೈರ್ ಇರುವ ಪೈಪಿನೊಳಗೆ ಇದನ್ನು ತುರುಕಬೇಡಿ. ಗದ್ದಲದ ಮಾತು ಆಮೇಲೆ, ಮೊದಲು ಅದು ಜೀವಕ್ಕೆ ಅಪಾಯ. ಒಂದು ಗೇಣು ಅಂತರ ಬಿಡಿ, ದಾಟಲೇಬೇಕಾದಲ್ಲಿ ನೇರ ಅಡ್ಡಲಾಗಿ ದಾಟಿಸಿ. ಗೋಡೆ ಒಡೆಯಲೇಬೇಕೆಂದಿಲ್ಲ, ಮೆಟ್ಟಿಲ ಬದಿಯ ಅಂಚಿನಲ್ಲಿ ಕ್ಲಿಪ್ ಹೊಡೆದು ಸಾಗಿಸಿದರೆ ಕಣ್ಣಿಗೂ ಬೀಳುವುದಿಲ್ಲ.

ಆಕ್ಸೆಸ್ ಪಾಯಿಂಟ್ ಎಂದು ಹೊಸದನ್ನು ಕೊಳ್ಳುವ ಮುನ್ನ ಮನೆಯಲ್ಲಿ ಮೂಲೆ ಸೇರಿದ ಹಳೆಯ ರೌಟರ್ ಇದೆಯೇ ನೋಡಿ. ಅನೇಕ ರೌಟರುಗಳ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇರುತ್ತದೆ, ಅದನ್ನು ಆರಿಸಿದರೆ ಆಯಿತು. ಇಲ್ಲದಿದ್ದರೆ ಕೈಯಾರೆ ಮಾಡಬಹುದು. ಮೊದಲು ಹಳೆಯದನ್ನು ಒಂಟಿಯಾಗಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ. ಅದರ ವಿಳಾಸವನ್ನು ಮುಖ್ಯ ರೌಟರಿನ ವಿಳಾಸದ ಸಾಲಿನಲ್ಲೇ, ಆದರೆ ಬೇರೆಯದಾಗಿ ಬದಲಿಸಿ. ಮುಖ್ಯದ್ದು 192.168.1.1 ಆದರೆ ಇದಕ್ಕೆ 192.168.1.2 ಕೊಡಿ, ಮುಖ್ಯ ರೌಟರ್ ಆ ಅಂಕಿಯನ್ನು ಬೇರೆ ಸಾಧನಕ್ಕೆ ಹಂಚದಂತೆ ನೋಡಿಕೊಳ್ಳಿ. ಸಾಧನಗಳಿಗೆ ವಿಳಾಸ ಹಂಚುವ ಕೆಲಸವಾದ ಡಿಎಚ್‌ಸಿಪಿಯನ್ನು ಇದರಲ್ಲಿ ಆಫ್ ಮಾಡಿ. ಇದನ್ನು ಮರೆತವರೇ ಹೆಚ್ಚು. ಮರೆತರೆ ಎರಡು ಪೆಟ್ಟಿಗೆಗಳೂ ಸಾಧನಗಳಿಗೆ ವಿಳಾಸ ಹಂಚಲು ಹೊರಟು, ಮನೆಯ ಅರ್ಧ ಸಾಧನಗಳಿಗೆ ನೆಟ್ ನಿಲ್ಲುತ್ತದೆ. ಕೆಳಗಿನಿಂದ ಬಂದ ಕೇಬಲನ್ನು ಹಳೆಯದರ ಲ್ಯಾನ್ ತೂತಿಗೆ ಹಾಕಿ, ಬೇರೆ ಬಣ್ಣದ ವ್ಯಾನ್ ತೂತಿಗಲ್ಲ. ವೈಫೈ ಹೆಸರು, ಪಾಸ್‌ವರ್ಡ್ ಕೆಳಗಿನದರಂತೆಯೇ ಇರಲಿ, ಚಾನೆಲ್ ಮಾತ್ರ ಬೇರೆ. ಹಾಗೆ ಮಾಡಿದರೆ ನೀವು ಮೆಟ್ಟಿಲು ಹತ್ತಿದಾಗ ಫೋನು ತಾನಾಗಿ ಮೇಲಿನದಕ್ಕೆ ಸೇರಿಕೊಳ್ಳುತ್ತದೆ.

ಮೇಲೆ ತಂತಿ ಹೋದ ಮೇಲೆ ನಿಮ್ಮ ಕೆಲಸದ ಲ್ಯಾಪ್‌ಟಾಪಿಗೂ ಒಂದು ತುಂಡು ತಂತಿ ಎಳೆದುಬಿಡಿ. ಜಾಗ ಬಿಟ್ಟು ಕದಲದ ಟಿವಿ, ಡೆಸ್ಕ್‌ಟಾಪ್‌ಗೂ ಹಾಗೇ. ವೈಫೈಯಲ್ಲಿ ಒಂದು ಚಾನೆಲ್‌ನಲ್ಲಿ ಸರದಿಯ ಪ್ರಕಾರವೇ ಮಾತು. ದೂರದ ಕೋಣೆಯಲ್ಲಿ ತೊದಲುತ್ತಾ ನಿಧಾನವಾಗಿ ಮಾತಾಡುವ ಒಂದು ಸಾಧನ ಎಲ್ಲರ ಸಮಯ ತಿನ್ನುತ್ತದೆ. ಒಂದೊಂದು ಸಾಧನ ತಂತಿಗೆ ಬಂದಾಗಲೂ ಉಳಿದವಕ್ಕೆ ಗಾಳಿ ತೆರವಾಗುತ್ತದೆ.

ತಂತಿ ಎಳೆಯಲು ಸಾಧ್ಯವೇ ಇಲ್ಲ ಎನ್ನುವ ಮನೆಗಳಿವೆ, ಬಾಡಿಗೆ ಮನೆಗಳು ವಿಶೇಷವಾಗಿ. ಗೋಡೆಯೊಳಗೆ ಹಳೆಯ ಟಿವಿ ಕೇಬಲ್ ಈಗಾಗಲೇ ಓಡಿದ್ದರೆ ಮೋಕಾ ಎನ್ನುವ ಅಡಾಪ್ಟರ್ ಜೋಡಿ ಹಾಕಿ ಅದನ್ನೇ ಲ್ಯಾನ್‌ನಂತೆ ಬಳಸಬಹುದು, ಚೆನ್ನಾಗಿ ಕೆಲಸ ಮಾಡುತ್ತದೆ. ಕರೆಂಟಿನ ವೈರಿನಲ್ಲೇ ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ಒಂದು ಮನೆಯಲ್ಲಿ ಸೊಗಸು, ಪಕ್ಕದ ಮನೆಯಲ್ಲಿ ನಿರುಪಯೋಗಿ. ಮರಳಿಸಲು ಅವಕಾಶ ಇದ್ದರೆ ಮಾತ್ರ ಕೊಳ್ಳಿ, ಎಕ್ಸ್‌ಟೆನ್ಷನ್ ಬೋರ್ಡಿಗಲ್ಲದೆ ನೇರ ಗೋಡೆಯ ಸಾಕೆಟ್ಟಿಗೆ ಹಾಕಿ.

ಉಳಿದದ್ದು ಮೆಶ್. ಅದರ ಬಗ್ಗೆ ನನಗೆ ಅಸಡ್ಡೆ ಇಲ್ಲ, ಒಳ್ಳೆಯ ವ್ಯವಸ್ಥೆಯೇ. ಆದರೆ ತಂತಿ ಇಲ್ಲದ ಮೆಶ್ ಎಂದರೆ ಪರಸ್ಪರ ಹೊಂದಿಕೊಂಡು ಕೆಲಸ ಮಾಡುವ ಜಾಣ ರಿಪೀಟರುಗಳ ತಂಡ. ನಿಮ್ಮ ರಿಪೀಟರ್ ಸೋತ ಕಾರಣಕ್ಕೇ ಅದೂ ಸೋಲಬಲ್ಲದು. ರಿಪೀಟರ್ ಒಂದೇ ರೇಡಿಯೊದಲ್ಲಿ ಕೇಳಿ, ಅದರಲ್ಲೇ ಮತ್ತೆ ಹೇಳಿದರೆ ಪ್ರತಿ ಮಾತೂ ಗಾಳಿಯಲ್ಲಿ ಎರಡು ಸಲ ಹೋಗುತ್ತದೆ, ವೇಗ ಅರ್ಧವಾಗುತ್ತದೆ. ಟ್ರೈ-ಬ್ಯಾಂಡ್ ಮೆಶ್‌ಗಳಲ್ಲಿ ಪೆಟ್ಟಿಗೆಗಳ ನಡುವಿನ ಮಾತಿಗೆ ಬೇರೆ ರೇಡಿಯೊ ಮೀಸಲಿಡುವುದರಿಂದ ಈ ನಷ್ಟ ತಪ್ಪುತ್ತದೆ. ಕೊಳ್ಳುವುದಾದರೆ ಅಂಥದ್ದು ಕೊಳ್ಳಿ, ಲ್ಯಾನ್ ತೂತು ಇದೆಯೇ ಎಂದೂ ನೋಡಿ, ಮುಂದೆಂದಾದರೂ ತಂತಿ ಎಳೆದರೆ ಅದು ಕೈ ಹಿಡಿಯುತ್ತದೆ. ನಿಮ್ಮ ಮನೆಗೆ ಎರಡು ಪೆಟ್ಟಿಗೆ ಸಾಕು. ಮೂರನೆಯದು ಸೇರಿದರೆ ಒಂದರ ಮಾತಿಗೆ ಇನ್ನೊಂದು ಅಡ್ಡ ಬರುವ ಸಂಭವವೇ ಹೆಚ್ಚು.

ಹೊಸ ರೌಟರ್ ಬೇಕೇ ಬೇಕು ಎನ್ನುವ ಸಂದರ್ಭ ಒಂದಿದೆ: ಈಗಿನದು 2.4 ಮಾತ್ರ ಇರುವ, 2009ರ 802.11ಎನ್ ಎನ್ನುವ ವೈಫೈ ಮಾನಕದ ಕಾಲದ್ದಾಗಿದ್ದರೆ. ಅದಾದ ಮೇಲೆ 2013ರಲ್ಲಿ ವೈಫೈ 5ರ ಮಾನಕ, 2021ರಲ್ಲಿ ವೈಫೈ 6ರದ್ದು ಬಂದವು. 2024ರ ಆರಂಭದಿಂದ ವೈಫೈ 7 ಪ್ರಮಾಣಪತ್ರವೂ ಸಿಗುತ್ತಿದೆ. ಇವು ತರುವುದು ವೇಗ ಮತ್ತು ಹೆಚ್ಚು ಸಾಧನಗಳನ್ನು ಒಟ್ಟಿಗೆ ಸಂಭಾಳಿಸುವ ಶಕ್ತಿ. ಚಪ್ಪಡಿ ಭೇದಿಸುವ ಶಕ್ತಿಯಲ್ಲ. ಹೊಸ ರೌಟರುಗಳ 6 ಗಿಗಾಹರ್ಟ್ಸ್ ಬ್ಯಾಂಡಿನ ಕೈ 5ಕ್ಕಿಂತಲೂ ಮೋಟು. ಫೋನಿನ ಬೆನ್ನಿಗೆ ಅಂಟಿಸುವ ಸಿಗ್ನಲ್ ಸ್ಟಿಕ್ಕರುಗಳಿಂದ ಏನೂ ಆಗುವುದಿಲ್ಲ, ದಯವಿಟ್ಟು ಅದಕ್ಕೆ ಹಣ ಹಾಕಬೇಡಿ.

ನಿಮ್ಮ ರಿಪೀಟರನ್ನು ಎಸೆಯಬೇಡಿ. ರೌಟರ್ ಕಪಾಟಿನಿಂದ ಹೊರಬಂದ ಮೇಲೆ ರಿಪೀಟರನ್ನು ಮೆಟ್ಟಿಲು ತಿರುಗುವ ಕಡೆ, ಅಲ್ಲಿ ಸಾಕೆಟ್ ಇಲ್ಲದಿದ್ದರೆ ಪಡಸಾಲೆಯ ಮೆಟ್ಟಿಲ ಬಾಯಿಯ ಹತ್ತಿರ ಹಾಕಿ. ಅದನ್ನು ಹಾಕುವ ಮುನ್ನ ಅದೇ ಜಾಗದಲ್ಲಿ ಫೋನ್ ಹಿಡಿದು ರೌಟರಿನ ಸಿಗ್ನಲ್ ಅಳೆಯಿರಿ, ಮೈನಸ್ 60ರಿಂದ 65ರೊಳಗೆ ಇರಬೇಕು. ಆಮೇಲೆ ನಿಮ್ಮ ಮೇಜಿಗೆ ಹೋಗಿ, ಕೋಣೆಯ ಬಾಗಿಲು ಹಾಕಿಕೊಂಡು, ರೌಟರಿಗೆ ಐದು ನಿಮಿಷ ಪಿಂಗ್ ಓಡಿಸಿ. ಬಾಗಿಲು ತೆರೆದಿಟ್ಟು ಅಳೆದು ಸರಿಹೋಯಿತೆಂದು ತಿಳಿದವರು ಮಾರನೆಯ ದಿನ ಬಾಗಿಲು ಮುಚ್ಚಿ ಕರೆಗೆ ಕೂತಾಗ ಮತ್ತೆ ಅದೇ ಪಾಡು ಪಟ್ಟಿದ್ದನ್ನು ನೋಡಿದ್ದೇನೆ. ಐದು ನಿಮಿಷದಲ್ಲಿ ಒಂದು ಉತ್ತರವೂ ತಪ್ಪದೆ, ಅಂಕಿ ಹತ್ತಿಪ್ಪತ್ತರೊಳಗೇ ಇದ್ದರೆ ನೀವು ಏನನ್ನೂ ಕೊಳ್ಳಬೇಕಿಲ್ಲ. ಫೋನಿನಲ್ಲಿ ಹಾಗೆ ಬಂದು ಲ್ಯಾಪ್‌ಟಾಪಿನಲ್ಲಿ ಮಾತ್ರ ಏರುಪೇರಾದರೆ ರೌಟರನ್ನು ಮುಟ್ಟಬೇಡಿ, ಲ್ಯಾಪ್‌ಟಾಪಿನ ವೈಫೈ ಡ್ರೈವರ್ ಹೊಸದು ಮಾಡಿ. ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಆಂಟೆನಾ ಪರದೆಯ ಅಂಚಿನಲ್ಲಿರುತ್ತದೆ, ಹಾಗಾಗಿ ಮುಚ್ಚಳ ಮುಚ್ಚಿ ಹೊರಗಿನ ಪರದೆಗೆ ಸಿಕ್ಕಿಸಿ ಕೆಲಸ ಮಾಡುವವರಾದರೆ ಒಮ್ಮೆ ಮುಚ್ಚಳ ತೆರೆದಿಟ್ಟು ಅದೇ ಪಿಂಗ್ ಓಡಿಸಿ ನೋಡಿ.